ಗಾಣದ ಮನೆಯ ಕಹಿ ಎಣ್ಣೆ

ನನ್ನ ಬಲಗಾಲಿಗೆ ಈಗ ನಾಲ್ಕೇ ಬೆರಳು. ಚಪ್ಪಲಿ ಹೊಲಿಯುವವನು ಅಳತೆ ತೆಗೆದುಕೊಳ್ಳುವಾಗ ಒಮ್ಮೆ ತಲೆಯೆತ್ತಿ ನನ್ನ ಮುಖ ನೋಡುತ್ತಾನೆ, ಮತ್ತೆ ತಲೆ ತಗ್ಗಿಸುತ್ತಾನೆ. ಕೇಳಿದರೆ ಹೇಳುವವಳೇ ನಾನು, ಆದರೆ ಯಾರೂ ಕೇಳುವುದಿಲ್ಲ. ಅದಕ್ಕೇ ಕೇಳದೆಯೇ ಹೇಳುತ್ತಿದ್ದೇನೆ. ನನಗೆ ಕುಷ್ಠರೋಗವಿತ್ತು. ಈಗ ಇಲ್ಲ. ಗುಳಿಗೆ ನುಂಗಿದೆ, ವಾಸಿಯಾಯಿತು. ಆದರೆ ರೋಗ ಹೋಗುವಾಗ ತಾನು ಕಸಿದುಕೊಂಡಿದ್ದನ್ನು ವಾಪಸು ಕೊಟ್ಟು ಹೋಗುವುದಿಲ್ಲ.

ಗುಳಿಗೆಯ ವಿಷಯ ದವಾಖಾನೆಯವರು ನಿಮಗೆ ಹೇಳುತ್ತಾರೆ. ನಾನು ಹೇಳಬೇಕಾದ್ದು ಎಣ್ಣೆಯ ವಿಷಯ. ಸ್ಪರ್ಶ ಹೋದ ಚರ್ಮಕ್ಕೆ ಬೆವರೂ ಬರುವುದಿಲ್ಲ. ಅದು ಒಣಗುತ್ತದೆ, ಬಿರಿಯುತ್ತದೆ, ಬಿರಿದಲ್ಲಿ ಹುಣ್ಣಾಗುತ್ತದೆ, ನೋಯದ ಹುಣ್ಣಿನ ಕಡೆ ಯಾರು ತಿರುಗಿ ನೋಡುತ್ತಾರೆ? ಕೈಕಾಲು ಕಳೆದುಕೊಳ್ಳುವುದು ಹೀಗೆ. ಅದನ್ನು ತಡೆಯಲು ಇರುವುದು ನೀರು ಮತ್ತು ಎಣ್ಣೆ, ದಿನಕ್ಕೆ ಎರಡು ಸಲ, ಸಾಯುವ ತನಕ. ಯಾವ ಎಣ್ಣೆ ಹಚ್ಚಬೇಕು ಎಂಬ ಒಂದು ಪ್ರಶ್ನೆ ನಮ್ಮ ಮನೆಯನ್ನು ಏನು ಮಾಡಿತು ಎಂದು ಬರೆಯುತ್ತೇನೆ.

ನಾನು ಹುಟ್ಟಿದ್ದು ದೇವದುರ್ಗದ ಗಾಣದ ಮನೆಯಲ್ಲಿ. ಮದುವೆಯಾಗಿ ಹೋದದ್ದು ಮಾನ್ವಿಗೆ. ಎಪ್ಪತ್ತರ ದಶಕ ಆಗ ಅರ್ಧ ಕಳೆದಿತ್ತು, ನನಗೆ ಹತ್ತೊಂಬತ್ತು. ಗಂಡನಿಗೆ ಅಕ್ಕಿ ಗಿರಣಿಯಲ್ಲಿ ಚೀಲ ತೂಗುವ ಕೆಲಸ. ಅತ್ತೆ ಮೊದಮೊದಲು ನನ್ನನ್ನು ಓಣಿಗೆಲ್ಲ ಹೊಗಳಿಕೊಂಡು ಬಂದರು. ಕುದಿಯುವ ಸಾರಿನ ಗಡಿಗೆಯನ್ನು ನಾನು ಅರಿವೆ ಹಿಡಿಯದೆ ಇಳಿಸುತ್ತಿದ್ದೆ, ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ಒತ್ತಿ ಒತ್ತಿ ಬೇಯಿಸುತ್ತಿದ್ದೆ.

"ನಮ್ಮ ಸೊಸಿ ಕೈ ಕಬ್ಬಿಣ ಅದ ನೋಡ್ರಿ. ಈಗಿನ ಹುಡುಗ್ಯಾರಂಗ ಉಸ್ ಅನ್ನಂಗಿಲ್ಲ, ಆಸ್ ಅನ್ನಂಗಿಲ್ಲ" ಎನ್ನುತ್ತಿದ್ದರು.

ನಾನೂ ಉಬ್ಬಿದೆ. ಅತ್ತೆಯ ಬಾಯಿಂದ ಒಳ್ಳೆಯ ಮಾತು ಬರುವುದೆಂದರೆ ಆ ವಯಸ್ಸಿಗೆ ಕಡಿಮೆಯೇನಲ್ಲ. ಇನ್ನೊಮ್ಮೆ ಹೊಗಳಲಿ ಎಂದೇ ಇನ್ನಷ್ಟು ಬಿಸಿಯದ್ದನ್ನು ಹಿಡಿದದ್ದೂ ಉಂಟು. ಒಂದು ದಿನ ರೊಟ್ಟಿ ಮಾಡುತ್ತಾ ಏನೋ ಹೇಳಿಕೊಂಡು ನಗುತ್ತಿದ್ದೆ. ಮಾಂಸ ಸುಡುವ ವಾಸನೆ ಮೊದಲು ಬಂದದ್ದು ಅತ್ತೆಯ ಮೂಗಿಗೆ. ನನ್ನ ಎಡಗೈಯ ಅಂಚು ಹಂಚಿಗೆ ಅಂಟಿಕೊಂಡಿತ್ತು. ಕಿರುಚಿದ್ದು ಅವರು, ನಾನಲ್ಲ. ಅವರು ನನ್ನ ಕೈ ಎಳೆದು ತಿರುಗಿಸಿ ನೋಡಿದರು, ಮೊಣಕೈ ಹತ್ತಿರದ ಮಾಸಲು ಮಚ್ಚೆ ನೋಡಿದರು, ಆಮೇಲೆ ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಅವತ್ತಿನಿಂದ ನನ್ನ ತಾಟು ಬೇರೆಯಾಯಿತು.

ವಾರದೊಳಗೆ ಗಂಡ ನನ್ನನ್ನು ದೇವದುರ್ಗಕ್ಕೆ ತಂದು ಬಿಟ್ಟ. ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತ, ನಾನು ಹಿಂದೆ. ನಮ್ಮ ಮನೆಯ ಹೊಸ್ತಿಲ ಹೊರಗೇ ನಿಂತು, "ಆರಾಮಾದ ಮ್ಯಾಲ ಬರಲಿ" ಎಂದ. ಅವ್ವ ಕೊಟ್ಟ ನೀರನ್ನೂ ಕುಡಿಯಲಿಲ್ಲ. ಮಾನ್ವಿಯಲ್ಲಿ ಅವರು ನನಗೆ ಮಕ್ಕಳಾಗುವುದಿಲ್ಲವೆಂದು ಹೇಳಿಕೊಂಡರಂತೆ. ಮುಂದೆ ಅವನಿಗೆ ಇನ್ನೊಂದು ಹೆಣ್ಣು ತರಬೇಕಿತ್ತು, ರೋಗದ ಸುದ್ದಿ ಹಬ್ಬಿದರೆ ಯಾರು ಕೊಡುತ್ತಾರೆ? ನನ್ನ ಹೊಟ್ಟೆಯ ಮೇಲೆ ಹೊರಿಸಿದ ಆ ಸುಳ್ಳು ನಮ್ಮ ಮನೆಗೂ ಅನುಕೂಲವೇ ಆಯಿತು. ನಾವೂ ಅದನ್ನೇ ಹೇಳಿದೆವು.

ಅಪ್ಪ, ಅವ್ವ ನನ್ನನ್ನು ರಾಯಚೂರಿನ ದವಾಖಾನೆಗೆ ಕರೆದೊಯ್ದರು. ಈ ರೋಗ ನೋಡುವ ಕೋಣೆ ಎಲ್ಲಕ್ಕಿಂತ ಕೊನೆಗೆ, ಹೊರಗೊಂದು ಕಲ್ಲಿನ ಬೆಂಚು. ಅಲ್ಲಿ ಕೂತವರನ್ನು ಕೇಳಿದರೆ ಒಬ್ಬರೂ ತಮಗಾಗಿ ಬಂದವರಲ್ಲ. "ನನಗಲ್ರೀ, ನಮ್ಮಕ್ಕಗ." "ನಮ್ಮ ಮಾವಗ." ಹೇಳುವಾಗ ಕೈ ಸೆರಗಿನ ಒಳಗೆ. ಅವ್ವ ಆ ಬೆಂಚಿನ ಮೇಲೆ ಕೂರಲಿಲ್ಲ. ಮೂರು ತಾಸು ಗೋಡೆಗೂ ತಾಗದೆ ನಿಂತಿದ್ದಳು.

ಡಾಕ್ಟರು ಕಣ್ಣು ಮುಚ್ಚಲು ಹೇಳಿದರು. "ಹತ್ತಿ ಮುಟ್ಟಿಸ್ತೀನಿ. ಎಲ್ಲಿ ಮುಟ್ತದ ಅಲ್ಲಿ ಬೆರಳಿಟ್ಟು ತೋರಿಸು." ಕುತ್ತಿಗೆಗೆ ಮುಟ್ಟಿತು, ತೋರಿಸಿದೆ. ಭುಜಕ್ಕೆ ಮುಟ್ಟಿತು, ತೋರಿಸಿದೆ. ಆಮೇಲೆ ಅವರು ಸುಮ್ಮನಾದರು. ನಾನು ಕಾದೆ. ಇವರೇಕೆ ನಿಲ್ಲಿಸಿಬಿಟ್ಟರು ಎಂದುಕೊಂಡು ಕಣ್ಣು ತೆರೆದರೆ, ಹತ್ತಿ ನನ್ನ ಎಡಗೈಯ ಮೇಲೆಯೇ ಇತ್ತು. ಅಂಗೈಯಿಂದ ಬೆರಳಿಗೆ, ಬೆರಳಿಂದ ಅಂಗೈಗೆ ಓಡಾಡುತ್ತಿತ್ತು. ನನ್ನ ಕೈ ನನ್ನ ಕಣ್ಣ ಮುಂದಿದೆ, ಆದರೆ ನನ್ನದಲ್ಲ. ಅಷ್ಟು ಹೆದರಿಕೆ ನನಗೆ ಮತ್ತೆಂದೂ ಆಗಿಲ್ಲ, ಬೆರಳು ಹೋದ ದಿನ ಕೂಡ. ಕಾಲುಗಳಿಗೂ ಅದೇ ಆಯಿತು. ಡಾಕ್ಟರು ಬರಿಗೈಯಲ್ಲೇ ನನ್ನ ಪಾದ ಹಿಡಿದು ನೋಡಿದರು. ಮಾನ್ವಿ ಬಿಟ್ಟ ಮೇಲೆ ಮನೆಯವರಲ್ಲದೆ ನನ್ನನ್ನು ಮುಟ್ಟಿದ ಮೊದಲ ಮನುಷ್ಯ ಅವರು.

ವಾಪಸು ಬರುವಾಗ ಅವ್ವ ಸೆರಗು ಬಾಯಿಗೆ ತುರುಕಿಕೊಂಡು ದಾರಿಯುದ್ದಕ್ಕೂ ಅತ್ತಳು. ದೇವದುರ್ಗದ ಸ್ಟ್ಯಾಂಡ್ ಬಂದ ಕೂಡಲೇ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಯಾರರ ಕೇಳಿದ್ರ ಕಣ್ಣು ತೋರಿಸಾಕ ಹೋಗಿದ್ವಿ ಅನ್ನು. ಶರಣಿ ಮುಂದೂ ಅಷ್ಟ ಹೇಳು."

ಶರಣಿ ನನ್ನ ತಂಗಿ. ಅವಳಿಗೆ ಆಗ ಹದಿನೈದು. ಒಂದೇ ಮನೆಯಲ್ಲಿ ಇದನ್ನು ಮುಚ್ಚಿಡುವುದು ಎಷ್ಟು ದಿನ? ನಾಲ್ಕನೆಯ ದಿನಕ್ಕೆ ಅವಳಿಗೆ ಗೊತ್ತಾಯಿತು. ಅತ್ತಳು, ನನ್ನ ಪಕ್ಕದಲ್ಲಿ ಮಲಗುವುದನ್ನು ಬಿಟ್ಟಳು, ಹತ್ತು ದಿನಕ್ಕೆ ತಾನಾಗಿ ಮತ್ತೆ ಬಂದು ಮಲಗಿದಳು. ಯಾರೂ ಅವಳಿಗೆ ಬುದ್ಧಿ ಹೇಳಿರಲಿಲ್ಲ.

ರಾಯಚೂರಿನಲ್ಲಿ ಗುಳಿಗೆ ಕೊಡುತ್ತಿದ್ದವರು ಖಾಜಾ ಸರ್. ಎಲ್ಲ ಹೆಣ್ಣುಮಕ್ಕಳಿಗೂ 'ಬೇಟಿ' ಎನ್ನುವ ಮನುಷ್ಯ. ಒಂದು ದೊಡ್ಡ ತಗಡಿನ ಬುಟ್ಟಿಯಲ್ಲಿ ನೀರು ತುಂಬಿಸಿ ನನ್ನ ಕೈಕಾಲು ಇಡಿಸಿದರು. ಅರ್ಧ ತಾಸು ನೆನೆಯಬೇಕು, ಗಟ್ಟಿಯಾದಲ್ಲಿ ಒರಟು ಕಲ್ಲಿನಿಂದ ಮೆಲ್ಲಗೆ ಉಜ್ಜಬೇಕು, ನೀರು ಒರೆಸದೆ ಒದ್ದೆ ಮೇಲೆಯೇ ಎಣ್ಣೆ ಹಚ್ಚಬೇಕು.

"ಎಣ್ಣಿ ಚರ್ಮಕ್ಕ ನೀರು ಕೊಡಂಗಿಲ್ಲ ಬೇಟಿ. ಒಳಗ ಹೋದ ನೀರು ಹೊರಗ ಬರದಂಗ ಬಾಗಿಲ ಹಾಕ್ತದ, ಅಷ್ಟ."

"ಯಾವ ಎಣ್ಣಿರೀ?" ಎಂದು ಅಪ್ಪ ಕೇಳಿದ.

"ಮನ್ಯಾಗ ಯಾವುದು ಅದ ಅದು."

ಅಪ್ಪ ನಕ್ಕ. ತಿಂಗಳುಗಳ ಮೇಲೆ ಅವನು ನಕ್ಕದ್ದು ಅವತ್ತು. "ನಮ್ಮ ಮನ್ಯಾಗ ಯಾವುದು ಇಲ್ಲ ಅಂತ ಕೇಳ್ರಿ ಸರ್" ಎಂದ.

ಅಪ್ಪನ ಹೆಸರು ವೀರಪ್ಪ. ರಾಯಚೂರಿನಲ್ಲಿ ಎಣ್ಣೆಯ ಗಿರಣಿಗಳಾಗಿ ಎಷ್ಟೋ ವರ್ಷಗಳಾಗಿದ್ದವು, ಎತ್ತಿನ ಗಾಣಗಳು ಒಂದೊಂದಾಗಿ ನಿಂತಿದ್ದವು. ನಮ್ಮದು ನಡೆಯುತ್ತಿದ್ದುದು ಅಪ್ಪನ ಕೈಶುದ್ಧಿಯಿಂದ. ಕುಸುಬಿ ಎಂದರೆ ಕುಸುಬಿ, ಎಳ್ಳು ಎಂದರೆ ಎಳ್ಳು. ಒಂದು ಬೀಜ ಮುಗಿದು ಇನ್ನೊಂದು ಹಾಕುವ ಮುಂಚೆ ಗಾಣದ ಒಡಲನ್ನು ಅರಿವೆಯಿಂದ ಒರೆಸಿ ಒರೆಸಿ ಸಾಕು ಮಾಡುತ್ತಿದ್ದ. ಪ್ರತಿ ಸೋಮವಾರ ಗಾಣದಿಂದ ಇಳಿದ ಮೊದಲ ಎಣ್ಣೆಯನ್ನು ದೇವರ ದೀಪಕ್ಕೆ ತೆಗೆದಿಟ್ಟೇ ಉಳಿದದ್ದನ್ನು ಮಾರುವುದು ನಮ್ಮ ಮನೆಯ ಪದ್ಧತಿ.

ಮನೆಗೆ ಬಂದವನೇ ಐದು ಬಟ್ಟಲು ತಂದು ನನ್ನ ಮುಂದೆ ಸಾಲಾಗಿ ಇಟ್ಟ. ಸಂಬಂಧ ನೋಡಲು ಬಂದವರಂತೆ ಒಂದೊಂದನ್ನೇ ಪರೀಕ್ಷೆ ಮಾಡಿದೆವು. ಅಗಸೆ ಎಣ್ಣೆ ಹಚ್ಚಿದರೆ ಒಣಗಿ ಪದರುಗಟ್ಟುತ್ತಿತ್ತು. ಹರಳೆಣ್ಣೆ ಹಚ್ಚಿದ ಕೈಯಲ್ಲಿ ಲೋಟ ನಿಲ್ಲುತ್ತಿರಲಿಲ್ಲ. ಶೇಂಗಾ ಎಣ್ಣೆ ಮೇಲೆಯೇ ಕೂತು ಮನೆಯ ಧೂಳನ್ನೆಲ್ಲ ಕರೆದುಕೊಳ್ಳುತ್ತಿತ್ತು. ಎಳ್ಳೆಣ್ಣೆ ಒಳ್ಳೆಯದೇ, ಆದರೆ ನಮ್ಮೂರಿನ ಬೇಸಿಗೆಗೆ ಉರಿ ಎಂದು ಅವ್ವ ಮೂಗು ಮುರಿದಳು. ಕುಸುಬಿ ಹಗುರ. ಹಚ್ಚಿದ ಸ್ವಲ್ಪ ಹೊತ್ತಿಗೆ ಚರ್ಮದಲ್ಲಿ ಇಳಿದು ಹೋಗುತ್ತಿತ್ತು, ಬೂದಿ ಬಣ್ಣದ ನನ್ನ ಅಂಗಾಲು ಮನುಷ್ಯರ ಅಂಗಾಲಿನಂತೆ ಕಾಣುತ್ತಿತ್ತು. ಅಪ್ಪ ಅದನ್ನೇ ಗೊತ್ತು ಮಾಡಿದ. ಆ ಸೋಮವಾರ ಮೊದಲ ಎಣ್ಣೆಯನ್ನು ನನ್ನ ಶೀಶೆಗೆ ತುಂಬಿ, ಆಮೇಲೆ ದೇವರಿಗೆ ತೆಗೆದ. ಅವ್ವ ನೋಡಿಯೂ ನೋಡದಂತೆ ಇದ್ದಳು.

ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಗುಳಿಗೆಗೆ ಹೋದಾಗಲೆಲ್ಲ ಆ ಕಲ್ಲಿನ ಬೆಂಚಿನ ಮೇಲೆ ಹೆಂಗಸರ ಮಾತು ಎಣ್ಣೆಯದೇ. ಒಬ್ಬಳು ಆಕಳ ತುಪ್ಪ ಹಚ್ಚುತ್ತಾಳೆ, ಇನ್ನೊಬ್ಬಳು ಗುಡಿಯ ದೀಪದಲ್ಲಿ ಉಳಿದದ್ದನ್ನು ಬೇಡಿ ತರುತ್ತಾಳೆ. ಬೇರೆ ಹೆಂಗಸರು ಸೀರೆಯ ಮಾತಾಡುವ ಹಾಗೆ ನಾವು ಎಣ್ಣೆಯ ಮಾತಾಡುತ್ತಿದ್ದೆವು. ನನ್ನ ಕೈ ನೋಡಿ ಅವರು, "ಗಾಣದ ಮನಿ ಮಗಳು, ನಿಂದೇನವ್ವ ಪುಣ್ಯ" ಎನ್ನುತ್ತಿದ್ದರು. ಹೊಗಳಿಸಿಕೊಳ್ಳುವ ನನ್ನ ಚಟ ಆಗಲೂ ಹೋಗಿರಲಿಲ್ಲ.

ಗಾಣದ ಮನೆಯಲ್ಲಿ ಎಣ್ಣೆಯ ಜೊತೆಗೆ ಹಿಂಡಿ ಇರುತ್ತದೆ. ಹಿಂಡಿ ಇದ್ದಲ್ಲಿ ಇಲಿ ಇರುತ್ತವೆ. ಹುಟ್ಟಿದಾಗಿನಿಂದ ಅವುಗಳ ಜೊತೆಗೇ ಬೆಳೆದವರು ನಾವು, ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಮಲಗುವ ಮುಂಚೆ ಕಾಲಿಗೆ ತಾಜಾ ಕುಸುಬಿ ಎಣ್ಣೆ ಸವರಿಕೊಂಡು ಮಲಗುತ್ತಿದ್ದೆ. ಅದು ಅಡುಗೆಯ ಎಣ್ಣೆ, ಒಗ್ಗರಣೆಯ ವಾಸನೆಯದು. ಅದು ಯಾರ್ಯಾರಿಗೆ ಊಟದ ಕರೆಯಾಗುತ್ತದೆ ಎಂದು ಇಷ್ಟು ಜನ ಎಣ್ಣೆ ಬಲ್ಲವರಿದ್ದ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಒಂದು ಬೆಳಗ್ಗೆ ಕಸ ಗುಡಿಸಲು ಬಂದ ಅವ್ವ ಕೌದಿಯ ಮೇಲೆ ರಕ್ತ ನೋಡಿ, "ಏಳೇ ನಾಗಿ, ಹೊರಗಾಗೀ ಏನು?" ಎಂದಳು. ನಾನು ಎದ್ದೆ. ಅಲ್ಲವೆಂದು ಗೊತ್ತಿತ್ತು. ಕೌದಿ ಸರಿಸಿದಳು. ಬಲಗಾಲಿನ ಕಿರುಬೆರಳಿನ ತುದಿ ಇರಲಿಲ್ಲ. ಎಲುಬು ಕಾಣುತ್ತಿತ್ತು. ಅವ್ವ ತನ್ನ ಸೆರಗು ಹರಿದು ಕಾಲಿಗೆ ಸುತ್ತಿದಳು. ನಾನು ಆರಾಮವಾಗಿ ನಿದ್ದೆ ಮಾಡಿದ್ದೆ, ಕನಸು ಕೂಡ ಬಿದ್ದಿರಲಿಲ್ಲ.

ಬೆರಳು ಕೀವಾಗಿ, ರಾಯಚೂರಿನಲ್ಲಿ ಅದನ್ನು ಬುಡದ ತನಕ ತೆಗೆದರು. ಖಾಜಾ ಸರ್ ತಾವೇ ಪಟ್ಟಿ ಕಟ್ಟಿದರು. ಆಮೇಲೆ, "ತಪ್ಪು ನಂದು ಬೇಟಿ. ಗಾಣದ ಮನಿ ಅಂತ ನನಗ ಗೊತ್ತಿತ್ತು. ತಿನ್ನೋ ಎಣ್ಣಿ ರಾತ್ರಿ ಹಚ್ಚಬ್ಯಾಡ ಅಂತ ಹೇಳಬೇಕಿತ್ತು" ಎಂದರು. ಖುರ್ಚಿಯ ಮೇಲೆ ಕೂತವನೊಬ್ಬ ತಪ್ಪು ತನ್ನದು ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನಾನು ಅವರ ಮೇಲೆ ಸಿಟ್ಟಾಗಬೇಕೆಂದಿದ್ದೆ, ಆಗಲಿಲ್ಲ.

"ಇನ್ನು ಮುಂದ ಬೇವಿನೆಣ್ಣಿ ಹಚ್ಚು. ಕಹಿಗೆ ಇಲಿ ಬಾಯಿ ಹಾಕಂಗಿಲ್ಲ" ಎಂದರು.

ಅಪ್ಪನ ಮುಖ ಇಳಿಯಿತು. ಯಾಕೆಂದರೆ ಅಡುಗೆಯ ಎಣ್ಣೆ ತೆಗೆಯುವ ಗಾಣಕ್ಕೆ ಬೇವಿನ ಬೀಜ ತೋರಿಸುವುದೂ ಇಲ್ಲ. ಗಾಣದ ಮರ ಎಣ್ಣೆ ಕುಡಿದಿರುತ್ತದೆ, ಒಂದು ಸಲ ಬೇವು ಕುಡಿಯಿತೆಂದರೆ ಆರು ತಿಂಗಳು ಅದರಲ್ಲಿ ಇಳಿದದ್ದೆಲ್ಲ ಕಹಿ. ಬೇವಿನ ವಾಸನೆ ಗಾಣದ ಮನೆಯಿಂದ ಬಂದರೆ ಕೇಳುವವರು ಕೇಳಿಯೇ ಕೇಳುತ್ತಾರೆ. ಮತ್ತು ಆ ಹೊತ್ತಿಗೆ ಶರಣಿಗೆ ಜಾಲಹಳ್ಳಿಯಿಂದ ಸಂಬಂಧ ಬಂದಿತ್ತು. ಹೊಲ ಮನೆ ಇದ್ದ ಜನ, ಹುಡುಗನೂ ಒಳ್ಳೆಯವನು.

ಬೇರೆ ದಾರಿಗಳನ್ನೆಲ್ಲ ನೋಡಿದೆವು. ಹೊರಸಿನ ಮೇಲೆ ಮಲಗಿದೆ, ಇಲಿ ಹೊರಸು ಹತ್ತಿದವು. ಕಾಲಿಗೆ ಅರಿವೆ ಸುತ್ತಿಕೊಂಡೆ, ಬೆಳಗ್ಗೆ ಅರಿವೆ ಚಿಂದಿ. ಬೆಕ್ಕು ತಂದೆವು, ಅದು ಹಾಲು ಕುಡಿದು ಮಲಗಿತು. ಎಣ್ಣೆಯೇ ಬೇಡವೆಂದು ಹದಿನೈದು ದಿನ ಬಿಟ್ಟು ನೋಡಿದೆ, ಎರಡೂ ಹಿಮ್ಮಡಿ ಎರೆಹೊಲದಂತೆ ಬಿರಿದು ಒಳಗೆ ಕೆಂಪು ಕಾಣಿಸಿತು. ಇಲಿಗೆ ಕೊಡದಿದ್ದರೆ ಹುಣ್ಣಿಗೆ ಕೊಡಬೇಕು. ಬೇರೆಯವರ ಮನೆಯಲ್ಲಿ ಮಲಗೋಣವೆಂದರೆ ಯಾರಿಗೆ ಏನೆಂದು ಹೇಳುವುದು?

ಅವ್ವ ಅಪ್ಪನ ಮೇಲೆ ಎಗರಿದಳು. "ಒಬ್ಬಾಕಿ ಕಾಲು ಉಳಿಸಾಕ ಹೋಗಿ ಇನ್ನೊಬ್ಬಾಕಿ ಬಾಳೇ ಕಳೀತೀ ಏನು? ಮದಿವಿ ಆಗಾತನಕ ತಡಿ."

"ಅಲ್ಲೀತನಕ ಎಷ್ಟು ಬೆರಳು ಉಳಿತಾವ?" ಎಂದ ಅಪ್ಪ.

ನಾನು ಅಲ್ಲಿಯೇ ಕೂತಿದ್ದೆ. ತಂಗಿಗಾಗಿ ನನ್ನ ಕಾಲು ಹೋದರೂ ಹೋಗಲಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ನಾನು ಅಷ್ಟು ದೊಡ್ಡ ಮನಸ್ಸಿನವಳಲ್ಲ. ನನಗೆ ನನ್ನ ಬೆರಳು ಬೇಕಾಗಿದ್ದವು.

ಅಪ್ಪ ರಾಯಚೂರಿನಿಂದಲೇ ಬೇವಿನೆಣ್ಣೆ ತಂದ, ಎತ್ತಿನ ಹೆಗಲ ಗಾಯಕ್ಕೆ ಎಂದು ಹೇಳಿ. ಮೊದಲ ದಿನ ಅವ್ವ ಶೀಶೆಯ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಬೆರಳುಗಳು ಆಗಲೇ ಸ್ವಲ್ಪ ಮಡಚಿಕೊಂಡಿದ್ದವು, ಎಣ್ಣೆ ಕೈಯಿಂದ ಜಾರಿ ನೆಲಕ್ಕೆ ಹೋಗುತ್ತಿತ್ತು. ಎರಡನೆಯ ದಿನ ನೋಡಿ ನೋಡಿ ಸಾಕಾಗಿ, "ಕೊಡು ಇಲ್ಲಿ" ಎಂದು ಕಸಿದುಕೊಂಡಳು. ಬೈಯುತ್ತಲೇ ಹಚ್ಚಿದಳು. ಬೆರಳ ಸಂದಿ, ಉಗುರಿನ ಸುತ್ತ, ಹಿಮ್ಮಡಿ, ಒಂದನ್ನೂ ಬಿಡಲಿಲ್ಲ. ಅವಳ ಕೈ ನನಗೆ ತಿಳಿಯುತ್ತಿದ್ದುದು ಮೊಣಕಾಲಿನ ಹತ್ತಿರ ಬಂದಾಗ ಮಾತ್ರ. ಅದಕ್ಕೇ ಅಲ್ಲಿಯ ತನಕ ಹಚ್ಚವ್ವ ಎನ್ನುತ್ತಿದ್ದೆ, ಅಲ್ಲಿ ಚರ್ಮ ಚೆನ್ನಾಗಿಯೇ ಇದ್ದರೂ.

ಇಲಿ ಬರುವುದು ನಿಂತಿತು. ಹಿಮ್ಮಡಿ ಕೂಡಿಕೊಂಡವು. ಜಾಲಹಳ್ಳಿಯವರು ಬಂದು ಮಾತು ಮುಗಿಸಿ ಎಲೆ ಅಡಿಕೆ ಹಂಚಿದರು. ಅವತ್ತು ನನ್ನನ್ನು ಒಳಗಿನ ಕೋಣೆಯಲ್ಲಿ ಇಟ್ಟು, ಬಾಗಿಲಲ್ಲಿ ಲೋಬಾನದ ಹೊಗೆ ಹಾಕಿದ್ದರು. ವಾಸನೆ ನನ್ನ ಮೈಯಿಂದ ಹೊರಗೆ ಹೋಗದ ಹಾಗೆ ನಾವೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಕಾದೆವು. ಅದು ಹೊರಗೆ ಹೋಗುತ್ತಿದ್ದುದು ಅವ್ವನ ಕೈಯಿಂದ. ಬೆಳಗ್ಗೆ ನನಗೆ ಹಚ್ಚಿ, ಸೀಗೆಕಾಯಿ ಹಾಕಿ ತಿಕ್ಕಿ ತಿಕ್ಕಿ ತೊಳೆದು, ಅದೇ ಕೈಯಿಂದ ಗಿರಾಕಿಗಳ ಶೀಶೆಗೆ ಎಣ್ಣೆ ಸುರಿಯುತ್ತಿದ್ದಳು. ಬೇವಿನ ವಾಸನೆ ತೊಳೆದರೆ ಹೋಗುವಂಥದ್ದಲ್ಲ. ಗಿರಾಕಿಯ ಶೀಶೆಯ ಹೊರಮೈಗೆ ಹತ್ತಿ, ಅವರ ಅಡುಗೆಮನೆಗೆ ಹೋಗಿ ಕೂತಿತು. ವಾಸನೆ ಮೂಗಿಗೆ ಬಿದ್ದ ಮೇಲೆ ನಾಲಗೆಗೂ ಕಹಿ ಅನ್ನಿಸಿತು. ವೀರಪ್ಪನ ಎಣ್ಣೆ ಕಹಿಯಾಗಿದೆ ಎಂಬ ಮಾತು ಓಣಿಯಿಂದ ಓಣಿಗೆ ಹೋಯಿತು.

ಮದುವೆಗೆ ಇನ್ನು ಮೂರು ವಾರವಿತ್ತು. ಬೆಳಗಿನ ಹೊತ್ತು ನಾನು ಒಳಕೋಣೆಯಲ್ಲಿ ಬುಟ್ಟಿಯ ನೀರಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದೆ. ಹೊರಗೆ ಗಾಣದ ಸದ್ದು ನಿಂತಿತು. ಕಲ್ಲಮ್ಮ ಆಯಿಯ ದನಿ ಕೇಳಿಸಿತು. ಅಪ್ಪನ ಮದುವೆಗೂ ಮುಂಚಿನಿಂದ ನಮ್ಮಲ್ಲಿ ಎಣ್ಣೆ ಒಯ್ಯುತ್ತಿದ್ದ ಮುದುಕಿ.

"ವೀರಪ್ಪಾ, ನಾ ಒಂದು ಮಾತು ಕೇಳ್ತೀನಿ, ಖರೇ ಹೇಳು. ನಿನ್ನ ಗಾಣಕ್ಕ ಬೇವು ಬಿದ್ದದೇನು?"

ಆಯಿಯ ಜೊತೆಗೆ ನಾಲ್ಕಾರು ಜನ ಬಂದಿದ್ದರೆಂದು ಕೆಮ್ಮಿನ ಮೇಲೆ ತಿಳಿಯಿತು. ನಮ್ಮಿಂದ ಎಣ್ಣೆ ಕೊಂಡು ಮಾರುತ್ತಿದ್ದ ಕಿರಾಣಿ ಅಂಗಡಿಯ ಚನ್ನಬಸಪ್ಪನೂ ಇದ್ದ. ಅವನೇ ಮುಂದೆ ಮಾತಾಡಿದ.

"ಎತ್ತಿನ ಹೆಗಲಿಗೆ ಅಂತ ರಾಯಚೂರಿಂದ ಬೇವಿನೆಣ್ಣಿ ತರಾಕತ್ತೀ ಅಂತ ಕೇಳೀನಿ. ಈಗ ಎತ್ತು ನೋಡಿದೆ. ಹೆಗಲ ಮ್ಯಾಲ ಒಂದು ಗೆರಿ ಸುದ್ದಾ ಇಲ್ಲ. ಗಾಣಕ್ಕ ಹಾಕಿಲ್ಲ ಅಂದ್ರ, ಮತ್ತ ಒಳಗ ಯಾರಿಗೆ ಹಚ್ಚಾಕತ್ತೀರಿ?"

ಕದದ ಸಂದಿಯಿಂದ ನನಗೆ ಅಪ್ಪನ ಬೆನ್ನು ಕಾಣುತ್ತಿತ್ತು. ಅದರ ಆಚೆ ಕಲ್ಲಮ್ಮ ಆಯಿಯ ಮುಖ. ಆಯಿ ನಿಧಾನಕ್ಕೆ ಈ ಕದದ ಕಡೆ ತಿರುಗಿದಳು. ಬೇವಿನೆಣ್ಣೆ ಯಾರಿಗೆ ಹಚ್ಚುತ್ತಾರೆ ಎಂದು ಅಷ್ಟು ವಯಸ್ಸಾದವಳಿಗೆ ಗೊತ್ತಿರದೆ ಇರುತ್ತದೆಯೇ? ಶರಣಿ ನನ್ನ ಹಿಂದೆ ನಿಂತಿದ್ದಳು, ಅವಳು ಉಸಿರು ಹಿಡಿದದ್ದು ಕೇಳಿಸಿತು.

"ಗಾಣಕ್ಕ ಹಾಕೀನಿ" ಎಂದ ಅಪ್ಪ.

"ಏನಂದಿ?"

"ಬೇವಿನ ಬೀಜ ಹಾಕೀನವ್ವ. ಕುಸುಬಿ ಜೋಡಿ ಬೆರೆಸೀನಿ. ಮಗಳ ಮದಿವಿ ಬಂತು, ಆಶಿ ಬಿತ್ತು. ತಪ್ಪಾತು."

ಮೂವತ್ತು ವರ್ಷದಲ್ಲಿ ಒಂದು ಹಿಡಿ ಬೇರೆ ಬೀಜ ಬೆರೆಸದವನು ಕೈ ಮುಗಿದು ನಿಂತು ಈ ಮಾತು ಹೇಳಿದ. ಚನ್ನಬಸಪ್ಪ ಬೈದ, ಅದನ್ನು ಇಲ್ಲಿ ಬರೆಯುವುದಿಲ್ಲ. ಕಲ್ಲಮ್ಮ ಆಯಿ ಬೈಯಲಿಲ್ಲ. "ನಿನ್ನ ಎಣ್ಣಿ ಉಂಡು ಮುದಿಕಿ ಆಗೀನಲ್ಲೋ ಯಪ್ಪಾ" ಎಂದು ಅತ್ತು, ತಾನು ತಂದಿದ್ದ ಡಬ್ಬಿಯನ್ನು ನಮ್ಮ ಹೊಸ್ತಿಲ ಮೇಲೆ ಬೋರಲು ಹಾಕಿ ಹೋದಳು. ಅದು ಅಪ್ಪನ ಕುಸುಬಿ ಎಣ್ಣೆಯೇ, ಶುದ್ಧವಾದದ್ದು. ಹರಿದು ಒಳಗೆ ಬಂತು.

ನಾನು ಎದ್ದು ಹೋಗಿ ಇದು ನನ್ನ ಕಾಲಿನ ವಾಸನೆ ಎಂದು ಹೇಳಬಹುದಿತ್ತು. ಐದು ಹೆಜ್ಜೆಯ ದಾರಿ. ಶರಣಿ ನನ್ನ ರಟ್ಟೆ ಹಿಡಿದುಕೊಂಡಿದ್ದಳು, ಆದರೆ ಅವಳು ಹಿಡಿದಿದ್ದಕ್ಕೆ ನಾನು ಕೂತೆ ಎಂದರೆ ಸುಳ್ಳಾಗುತ್ತದೆ. ನನಗೆ ಹೊರಗೆ ಹೋಗಲು ಹೆದರಿಕೆಯಾಗಿತ್ತು. ನೀರಿನಲ್ಲಿ ಕಾಲಿಟ್ಟುಕೊಂಡು ಕೂತೇ ಇದ್ದೆ.

ಅವತ್ತಿನಿಂದ ಗಿರಾಕಿ ಬರಲಿಲ್ಲ. ನಮ್ಮ ಕಸುಬಿನ ಹಿರಿಯರು ಕೂತು, ವೀರಪ್ಪ ಇನ್ನು ತಿನ್ನುವ ಎಣ್ಣೆ ತೆಗೆಯಬಾರದು ಎಂದು ಹೇಳಿ ಎದ್ದರು. ಎತ್ತು ಮಾರಿದರು. ಜಾಲಹಳ್ಳಿಯವರಿಗೂ ಸುದ್ದಿ ಹೋಗಿತ್ತು. ಹುಡುಗನ ತಂದೆ ಬಂದು, "ಯಾಪಾರದಾಗ ಇದೆಲ್ಲ ಇರ್ತದ ಬಿಡ್ರಿ" ಎಂದು ಅಪ್ಪನ ಬೆನ್ನು ತಟ್ಟಿದ. ಬೆರಕೆ ಮಾಡಿದವನ ಮಗಳು ಆದೀತು, ನನ್ನ ತಂಗಿ ಆಗುತ್ತಿರಲಿಲ್ಲ. ಮದುವೆ ಹೇಳಿದ ದಿನಕ್ಕೇ ಆಯಿತು. ಅಪ್ಪ ಬೆನ್ನು ತಟ್ಟಿಸಿಕೊಂಡದ್ದನ್ನು ನೋಡಲಾರದೆ ನಾನು ಕದದ ಸಂದಿಯಿಂದ ಹಿಂದೆ ಸರಿದಿದ್ದೆ.

ಮದುವೆ ಮುಗಿದ ಮೇಲೆ ಕೇಳಿದೆ. "ಯಪ್ಪಾ, ಯಾಕ ಹಂಗಂದಿ?"

"ಬೆರಕಿ ಮಾಡಿದ ಮನಿಗೆ ಮಂದಿ ಎಣ್ಣಿಗೆ ಬರಂಗಿಲ್ಲ. ಜಡ್ಡಿನ ಮನಿಗೆ ನೀರಿಗೂ ಬರಂಗಿಲ್ಲ. ನಿಮ್ಮವ್ವ ಇದ ಓಣ್ಯಾಗ ಬಾಳೇ ಮಾಡಬೇಕು" ಎಂದ. ಆಮೇಲೆ, "ಇವತ್ತು ಎಣ್ಣಿ ಹಚ್ಚಿದೀ ಇಲ್ಲೋ?" ಎಂದು ಕೇಳಿದ.

ಗಾ‌ಣ ನಿಂತ ಮೇಲೆ ಅಪ್ಪ ರಾಯಚೂರಿನ ಎಣ್ಣೆ ಗಿರಣಿಗೆ ಕೂಲಿಗೆ ಹೋದ. ಅಲ್ಲಿ ಡಬ್ಬಿ ತುಂಬುವ ಕೆಲಸ. ಮನೆಗೆ ಬಂದಾಗ ತಾನು ತುಂಬಿದ ಎಣ್ಣೆಯ ಬಗ್ಗೆ ಒಳ್ಳೆಯದು ಕೆಟ್ಟದ್ದು ಏನನ್ನೂ ಹೇಳುತ್ತಿರಲಿಲ್ಲ. ಎಣ್ಣೆಯ ವಿಷಯ ಮಾತಾಡದ ಅಪ್ಪನನ್ನು ನಾವು ಅದಕ್ಕೂ ಮುಂಚೆ ಕಂಡಿರಲಿಲ್ಲ. ನನ್ನ ಶೀಶೆ ಮಾತ್ರ ಒಮ್ಮೆಯೂ ಖಾಲಿಯಾಗಲು ಬಿಡಲಿಲ್ಲ.

ಎಂಬತ್ತರ ದಶಕದಲ್ಲಿ ಹೊಸ ಔಷಧ ಬಂತು. ಅದು ನನ್ನ ಮೈಯನ್ನು ಕಪ್ಪು ಮಾಡಿತು, ಇನ್ನಷ್ಟು ಒಣಗಿಸಿತು. ಕನ್ನಡಿ ನೋಡುವುದನ್ನು ಬಿಟ್ಟು ಎರಡು ವರ್ಷ ನುಂಗಿದೆ. ಕೊನೆಗೆ ಖಾಜಾ ಸರ್ ಕಾರ್ಡು ಮುಚ್ಚಿ, "ಮುಗೀತು ಬೇಟಿ" ಎಂದರು. ಅಪ್ಪ ಜೊತೆಗಿದ್ದ. "ಇನ್ನ ಎಣ್ಣಿ ಬಿಡಬೌದೇನ್ರಿ ಸರ್?" ಎಂದು ಕೇಳಿದ. ಬಿಡುವ ಹಾಗಿಲ್ಲ ಎಂದರು. ಅಪ್ಪ ತಲೆಯಾಡಿಸಿದ, ಅಷ್ಟೇ. ಮುಂದೆ ಖಾಜಾ ಸರ್ ನನಗೆ ಅದೇ ಕೋಣೆಯಲ್ಲಿ ಕೆಲಸ ಹಚ್ಚಿಕೊಟ್ಟರು. ಬಂದವರ ಕಾಲು ನೆನೆಸುವುದು, ಎಣ್ಣೆ ಹಚ್ಚುವುದನ್ನು ತೋರಿಸುವುದು. ಮನೆಯಲ್ಲಿ ಇಲಿ ಇವೆಯೇ ಎಂದು ಮೊದಲು ಕೇಳುತ್ತೇನೆ. ಕೆಲವರು ನಗುತ್ತಾರೆ. ಚಪ್ಪಲಿ ಬಿಚ್ಚಿ ತೋರಿಸುತ್ತೇನೆ, ನಗು ನಿಲ್ಲುತ್ತದೆ.

ಎಂಬತ್ತರ ದಶಕ ಮುಗಿಯುವ ಮುಂಚೆ ಅಪ್ಪ ತೀರಿಕೊಂಡ. ಮಣ್ಣು ಕೊಡಲು ಓಣಿಯ ಜನ ಬಂದಿದ್ದರು, ಶರಣಿಯ ಗಂಡನ ಮನೆಯವರು ಬಂದಿದ್ದರು. ಚನ್ನಬಸಪ್ಪನಿಗೆ ಮುಪ್ಪಾಗಿತ್ತು. ಕೋಲೂರಿಕೊಂಡು ಬಂದು, ಎಲ್ಲರಿಗೂ ಕೇಳುವ ಹಾಗೆ, "ಒಳ್ಳೇ ಮನುಷ್ಯ. ಆ ಬೇವಿನ ಬೆರಕಿ ಒಂದು ಮಾಡಿರಲಿಲ್ಲ ಅಂದ್ರ ಬಂಗಾರದಂಥಾ ಮನುಷ್ಯ" ಎಂದ. ಸಿಟ್ಟಿನಿಂದ ಅಂದದ್ದಲ್ಲ, ಸತ್ತವನನ್ನು ಕ್ಷಮಿಸಿ ಅಂದದ್ದು. ಅದು ನನಗೆ ತಡೆಯಲಾಗಲಿಲ್ಲ. ಬಾಯಿ ತೆರೆದೆ. ಶರಣಿ ತನ್ನ ಗಂಡನ ಮನೆಯವರ ನಡುವೆ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳ ಮಗಳಿಗೆ ಆಗ ಒಂಬತ್ತು ವರ್ಷ. ನಾನು ಬಾಯಿ ಮುಚ್ಚಿದೆ.

ಶರಣಿಯ ಮಕ್ಕಳೆಲ್ಲ ಈಗ ಅವರವರ ಮನೆ ಸೇರಿದ್ದಾರೆ. ಹೋದ ತಿಂಗಳು ಜಾಲಹಳ್ಳಿಗೆ ಹೋಗಿ, ಇದನ್ನೆಲ್ಲ ಬರೆಯಲೇ ಎಂದು ಅವಳನ್ನು ಕೇಳಿದೆ. ನನ್ನ ಬಲಗಾಲನ್ನು ತನ್ನ ಕಡೆ ಎಳೆದುಕೊಂಡು ನೋಡಿದಳು. ಆಮೇಲೆ, "ಬರಿ ಅಕ್ಕಾ. ನನ್ನ ಹೆಸರೂ ಬರಿ" ಎಂದಳು.

ಬರೆದಿದ್ದೇನೆ. ಕಲ್ಲಮ್ಮ ಆಯಿ ಇಲ್ಲ, ಚನ್ನಬಸಪ್ಪ ಇಲ್ಲ, ಓದಬೇಕಾದವರು ಯಾರೂ ಇಲ್ಲ. ಆದರೂ ದೇವದುರ್ಗದಲ್ಲಿ ಆ ಎಣ್ಣೆ ಉಂಡ ಮನೆಗಳು ಇವೆ. ಆ ಮನೆಗಳವರು ಕೇಳಿಸಿಕೊಳ್ಳಲಿ. ನಮ್ಮಪ್ಪ ವೀರಪ್ಪ ತನ್ನ ಗಾಣಕ್ಕೆ ಒಂದು ಬೇವಿನ ಬೀಜವನ್ನೂ ಹಾಕಿರಲಿಲ್ಲ. ಕುಷ್ಠ ನನಗೆ ಆಗಿತ್ತು. ನೀವು ಉಂಡದ್ದು ಒಳ್ಳೆಯ ಎಣ್ಣೆ.